ರೀಲು ಬೇಕೋ, ಕಾರ್ಡು ಸಾಕೋ?

ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬಂದ ಅಣ್ಣನ ಮಗಳು ಬೀರುವಿನ ಮೇಲಿದ್ದ ಚರ್ಮದ ಚೀಲಕ್ಕೆ ಕೈ ತೋರಿಸಿ, "ಚಿಕ್ಕಪ್ಪ, ಆ ಹಳೇ ಕ್ಯಾಮೆರಾ ನನಗೆ ಕೊಡ್ತೀರಾ? ರೀಲ್ ಹಾಕಿ ಫೋಟೊ ತೆಗೀಬೇಕು" ಅಂದಳು. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿ. ರೀಲು ತೊಳೆಸುವುದು, ಪ್ರಿಂಟಿಗೆ ಮೂರು ದಿನ ಕಾಯುವುದು, ಇವೆಲ್ಲ ಅವಳಿಗೆ ಕೇಳಿ ಮಾತ್ರ ಗೊತ್ತು.

ಚೀಲದಿಂದ ಹೊರಬಂದದ್ದು ಪೆಂಟಾಕ್ಸ್ ಕೆ1000. 1976ರಲ್ಲಿ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾದ ಕ್ಯಾಮೆರಾ. ಎಡಬದಿಯ ತಿರುಗಣೆಯನ್ನು ಮೇಲಕ್ಕೆಳೆದು ಹಿಂಬಾಗಿಲು ತೆರೆದೆ. ಬಾಗಿಲ ಅಂಚಿನಲ್ಲಿ ಬೆಳಕು ಒಳನುಗ್ಗದಂತೆ ತಡೆಯಲು ಒಂದು ಕರಿ ಫೋಮಿನ ಪಟ್ಟಿ ಇರುತ್ತದೆ. ಅದು ಕರಗಿ ಹಲಸಿನ ಮೇಣದ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಲಿವರ್ ಎಳೆದು ಗುಂಡಿ ಒತ್ತಿದರೆ ಮಾತ್ರ ಅದೇ ಹಳೆಯ ಖಟಕ್. ಶಟರಿಗೆ ಏನೂ ಆಗಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಅಣ್ಣನಿಗೆ ಇದು ಹಿಡಿಸಲಿಲ್ಲ. "ಇಪ್ಪತ್ತೈದು ಸಾವಿರದ ಫೋನ್ ಕೊಡಿಸಿದೀನಿ. ಅದರಲ್ಲಿ ಬರದೇ ಇರೋದು ಇದರಲ್ಲಿ ಏನು ಬರುತ್ತೆ?"

ಅಣ್ಣನ ಪ್ರಶ್ನೆ ನ್ಯಾಯವಾದದ್ದೇ. ಕ್ಯಾಮೆರಾ ಕೊಳ್ಳಲು ಹೊರಟ ಅನೇಕರು ನನ್ನನ್ನು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಸ್ಟುಡಿಯೊ ತೆರೆಯುವ ಹುಡುಗರು, ನಿವೃತ್ತಿಯ ನಂತರ ಹಕ್ಕಿಗಳ ಹಿಂದೆ ಬಿದ್ದ ಮೇಷ್ಟ್ರುಗಳು, ಚಿತ್ರಕಲೆ ಓದುವ ವಿದ್ಯಾರ್ಥಿಗಳು. ಫಿಲ್ಮೋ ಡಿಜಿಟಲ್ಲೋ, ಯಾವುದು ಮೇಲು ಎಂದು ಹೇಳುವ ಮೊದಲು ನಾನು ಅವರನ್ನು ಎರಡು ಮಾತು ಕೇಳುತ್ತೇನೆ. ಚಿತ್ರ ತೆಗೆಯುವುದು ಯಾರಿಗಾಗಿ? ತೆಗೆದ ಚಿತ್ರ ಎಷ್ಟು ವರ್ಷ ಉಳಿಯಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ನಿರ್ಧಾರ ಆದ ಹಾಗೆ.

ಬೆಳಕು ಎಲ್ಲಿ ಬೀಳುತ್ತದೆ

ಫಿಲ್ಮ್ ಎಂದರೆ ಪಾರದರ್ಶಕ ಪಟ್ಟಿಯ ಮೇಲೆ ಜೆಲಟಿನ್ ಲೇಪ. ಆ ಲೇಪದೊಳಗೆ ಬೆಳ್ಳಿಯ ಲವಣದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಬೆಳಕು ತಾಗಿದ ಹರಳು ಒಳಗೊಳಗೇ ಬದಲಾಗುತ್ತದೆ, ಆದರೆ ಹೊರಗೆ ಏನೂ ಕಾಣದು. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ಕಂಡ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಕಾಣದ ಹರಳುಗಳನ್ನು ಸ್ಟುಡಿಯೊದವರು ಹೈಪೊ ಎನ್ನುವ ದ್ರಾವಣ ಕರಗಿಸಿ ತೆಗೆಯುತ್ತದೆ. ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಬಿಳುಪು. ಅದೇ ನೆಗೆಟಿವ್.

ಡಿಜಿಟಲ್ ಕ್ಯಾಮೆರಾದಲ್ಲಿ ಹರಳಿನ ಜಾಗದಲ್ಲಿ ಸೆನ್ಸರ್ ಇದೆ. ಅದರ ಮೇಲಿನ ಲಕ್ಷಾಂತರ ಬಿಂದುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾಡಿ ಅಳೆಯುತ್ತವೆ. ಬಣ್ಣ ಗೊತ್ತಾಗಲೆಂದು ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಸೋಸುಕ ಇರುತ್ತದೆ. ಹೆಚ್ಚಿನ ಸೆನ್ಸರುಗಳಲ್ಲಿ ಅರ್ಧದಷ್ಟು ಹಸಿರು, ಉಳಿದ ಎರಡು ಬಣ್ಣಕ್ಕೆ ಕಾಲು ಕಾಲು ಪಾಲು. ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದ ಬ್ರೈಸ್ ಬೇಯರ್ ಕೊಡಾಕ್ ಕಂಪನಿಯ ವಿಜ್ಞಾನಿ. ಅದಕ್ಕೂ ಹಿಂದಿನ ವರ್ಷ, 1975ರಲ್ಲಿ, ಅದೇ ಕಂಪನಿಯ ಸ್ಟೀವ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಮೂರೂವರೆ ಕಿಲೋಗೂ ಹೆಚ್ಚು ತೂಗುವ ಒಂದು ಡಿಜಿಟಲ್ ಕ್ಯಾಮೆರಾ ಜೋಡಿಸಿದ್ದರು. ಬಿಂದುಗಳು ಬರೀ ಹತ್ತು ಸಾವಿರ. ಒಂದು ಚಿತ್ರ ಕ್ಯಾಸೆಟ್ಟಿನ ಟೇಪಿಗೆ ಇಳಿಯಲು 23 ಸೆಕೆಂಡು. ಜಗತ್ತಿಗೆಲ್ಲ ಫಿಲ್ಮ್ ಮಾರುತ್ತಿದ್ದ ಕಂಪನಿಯ ಒಳಗೇ ಫಿಲ್ಮಿನ ಬದಲಿ ಹುಟ್ಟಿತ್ತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಹಾಗೆಂದು ಅದರ ಫಿಲ್ಮ್ ನಿಂತಿಲ್ಲ, ಈಗಲೂ ಅಮೆರಿಕದ ರಾಚೆಸ್ಟರಿನಲ್ಲಿ ತಯಾರಾಗುತ್ತಿದೆ.

ಈ ಒಳಗುಟ್ಟು ತಿಳಿದಿರಬೇಕು, ಏಕೆಂದರೆ ಎರಡೂ ಕೈಕೊಡುವ ಜಾಗ ಬೇರೆ ಬೇರೆ. ನೆಗೆಟಿವ್ ಫಿಲ್ಮಿಗೆ ಬೆಳಕು ಹೆಚ್ಚಾದರೆ ತಡೆದುಕೊಳ್ಳುತ್ತದೆ, ಎರಡು ಸ್ಟಾಪು (ಒಂದು ಸ್ಟಾಪು ಹೆಚ್ಚು ಎಂದರೆ ಬೆಳಕು ದುಪ್ಪಟ್ಟು) ಹೆಚ್ಚಾದರೂ ಪ್ರಿಂಟು ಚೆನ್ನಾಗಿಯೇ ಬರುತ್ತದೆ. ಬೆಳಕು ಕಡಿಮೆಯಾದರೆ ಮಾತ್ರ ನೆರಳಿನ ಭಾಗದಲ್ಲಿ ಏನೂ ಮೂಡಿರುವುದಿಲ್ಲ, ಆಮೇಲೆ ಎಷ್ಟು ಎಳೆದರೂ ಬರುವುದು ಮಸಿಮಸಿ ಬೂದು. ಡಿಜಿಟಲ್ ಇದಕ್ಕೆ ತಿರುಗುಮುರುಗು. ನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು. ಬೆಳಕು ಮಿತಿ ಮೀರಿದ ಜಾಗ ಬರೀ ಬಿಳಿಯಾಗಿ ಹೋದರೆ ಅಲ್ಲಿದ್ದ ವಿವರವನ್ನು ಮರಳಿ ತರಲು ದಾರಿ ಇಲ್ಲ.

ಮಟಮಟ ಮಧ್ಯಾಹ್ನ ತೇರಿನ ಬೀದಿಯಲ್ಲಿ ಬಿಳಿ ಪಂಚೆ ಉಟ್ಟ ಅಜ್ಜ ನಿಂತಿದ್ದಾರೆ ಅನ್ನಿ. ಪೇಟದ ನೆರಳು ಮುಖದ ಮೇಲಿದೆ. ಕೈಯಲ್ಲಿ ಫಿಲ್ಮ್ ಕ್ಯಾಮೆರಾ ಇದ್ದರೆ ಮುಖದ ಬೆಳಕು ಅಳೆದು ತೆಗೆಯಿರಿ, ಪಂಚೆಯನ್ನು ಫಿಲ್ಮೇ ಕಾಪಾಡುತ್ತದೆ. ಡಿಜಿಟಲ್ ಆದರೆ ಪಂಚೆಯ ನೆರಿಗೆ ಉಳಿಯುವಷ್ಟು ಬೆಳಕು ಇಳಿಸಿ, ಸೆನ್ಸರ್ ಅಳೆದದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆದು ಮುಖವನ್ನು ಆಮೇಲೆ ಎತ್ತಿಕೊಳ್ಳಿ. ಜೆಪೆಗ್‌ನಲ್ಲಿ ಅಷ್ಟು ಅವಕಾಶ ಇರುವುದಿಲ್ಲ. ಸ್ಲೈಡ್ ಫಿಲ್ಮ್ ಬೇರೆಯೇ ಜಾತಿ. ಅದರಲ್ಲಿ ಅರ್ಧ ಸ್ಟಾಪು ಹೆಚ್ಚುಕಡಿಮೆಯಾದರೂ ಎದ್ದು ಕಾಣುತ್ತದೆ. ಹೊಸಬರು ಅದರ ಕಡೆ ಹೋಗದಿರುವುದೇ ಒಳ್ಳೆಯದು.

ದುಡ್ಡು ತೆಗೆದುಕೊಂಡರೆ

ತೊಂಬತ್ತರ ದಶಕದ ಒಂದು ಮದುವೆ. ಗೊತ್ತಿದ್ದವರ ಮನೆ, ಚಿತ್ರ ತೆಗೆಯುವ ಹೊಣೆ ನನ್ನದು. ಧಾರೆಗೆ ಮುಂಚೆ ಗಡಿಬಿಡಿಯಲ್ಲಿ ಹೊಸ ರೀಲು ಹಾಕಿದೆ. ಒಂದಾದ ಮೇಲೊಂದು ತೆಗೆಯುತ್ತಾ ಹೋದೆ. ಎಣಿಕೆಯ ಮುಳ್ಳು 36 ದಾಟಿತು, 38 ಆಯಿತು, ಲಿವರ್ ಇನ್ನೂ ಸಲೀಸಾಗಿ ತಿರುಗುತ್ತಿದೆ. ಆಗ ಎದೆ ಧಸಕ್ಕೆಂದಿತು. ರೀಲಿನ ತುದಿ ಎದುರಿನ ಸುರುಳಿಗೆ ಸಿಕ್ಕೇ ಇರಲಿಲ್ಲ. ಅಷ್ಟೂ ಹೊತ್ತು ಶಟರ್ ಮಾತ್ರ ಆಡಿತ್ತು, ಫಿಲ್ಮ್ ಇದ್ದ ಜಾಗದಲ್ಲೇ ಇತ್ತು. ಆ ಮನೆಯ ಆಲ್ಬಮಿನಲ್ಲಿ ಧಾರೆಯ ಚಿತ್ರ ಇಲ್ಲ. ಅವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಆ ದಿನ ಮರೆಯಲು ಆಗಿಲ್ಲ.

ಫಿಲ್ಮ್ ಹಾಕುವವರೆಲ್ಲ ಇದೊಂದನ್ನು ರೂಢಿ ಮಾಡಿಕೊಳ್ಳಬೇಕು. ಬಾಗಿಲು ಮುಚ್ಚಿದ ಮೇಲೆ ಎಡಬದಿಯ ತಿರುಗಣೆಯನ್ನು ಬಿಗಿಯಾಗುವಷ್ಟು ಮೆಲ್ಲಗೆ ತಿರುಗಿಸಿಡಿ. ಆಮೇಲೆ ಲಿವರ್ ಎಳೆದಾಗ ಆ ತಿರುಗಣೆಯೂ ಜೊತೆಗೆ ತಿರುಗಿದರೆ ರೀಲು ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ಅಲ್ಲೇ ನಿಲ್ಲಿಸಿ.

ಮರಳಿ ಬಾರದ ಗಳಿಗೆಯನ್ನು ಬೇರೆಯವರ ಹಣ ಪಡೆದು ಹಿಡಿದುಕೊಡುವ ಕೆಲಸ ನಿಮ್ಮದಾದರೆ ಡಿಜಿಟಲ್ಲೇ ಸರಿ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಅದರಲ್ಲೂ ಎರಡು ಕಾರ್ಡು ಹಿಡಿಯುವ ಕ್ಯಾಮೆರಾ ಇರಲಿ, ಒಂದೇ ಚಿತ್ರ ಎರಡಕ್ಕೂ ಬರೆಯುವಂತೆ ಹೊಂದಿಸಿ. ಕಾರ್ಡು ಕೆಡುತ್ತದೆ, ಯಾವಾಗ ಎಂದು ಹೇಳಿ ಕೆಡುವುದಿಲ್ಲ. ಛತ್ರದ ಒಳಗಿನ ಮಂದ ಬೆಳಕಿನಲ್ಲಿ ಇವತ್ತಿನ ದೊಡ್ಡ ಸೆನ್ಸರಿನ ಕ್ಯಾಮೆರಾಗಳು ಐಎಸ್‌ಒ 6400ರಲ್ಲೂ ಆಲ್ಬಮಿಗೆ ಸಲ್ಲುವ ಚಿತ್ರ ಕೊಡುತ್ತವೆ. ಬಣ್ಣದ ಫಿಲ್ಮಿನಲ್ಲಿ ಸುಲಭವಾಗಿ ಸಿಗುವುದು 400, ಹೆಚ್ಚೆಂದರೆ 800. ಅಲ್ಲಿಂದ ಮುಂದೆ ಫ್ಲ್ಯಾಶೇ ಗತಿ. ಹೋಮದ ಬೆಂಕಿಯ ಬೆಳಕನ್ನು ಫ್ಲ್ಯಾಶು ಅಳಿಸಿಹಾಕುತ್ತದೆ.

ಸುದ್ದಿಚಿತ್ರಕ್ಕೂ ಇದೇ ಮಾತು. ಕಾಡಿನ ಕೆಲಸಕ್ಕಂತೂ ಇನ್ನೂ ಹೆಚ್ಚು. ನಮ್ಮ ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ರೀಲಿನ ಕಾಲದಲ್ಲೇ. ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರ ಬದುಕನ್ನು ಜಗತ್ತಿನ ಪತ್ರಿಕೆಗಳಿಗೆ ಮುಟ್ಟಿಸಿದ್ದೂ ರೀಲಿನಲ್ಲೇ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕೂತಾಗಲೂ ಬಹುಕಾಲ ಇದೇ ಸಂಗಾತಿ. ರೀಲಿಗೆ 36 ಚಿತ್ರ. ಹಕ್ಕಿ ರೆಕ್ಕೆ ಬಿಚ್ಚುವ ಕ್ಷಣಕ್ಕೆ 36ನೆಯದು ಮುಗಿದಿದ್ದರೆ ಮತ್ತೆ ರೀಲು ಹಾಕುವಷ್ಟರಲ್ಲಿ ಕೊಂಬೆ ಖಾಲಿ. ಆ ಇಕ್ಕಟ್ಟಿನಲ್ಲಿ ಅವರು ಮಾಡಿದ ಕೆಲಸ ನೆನೆದರೆ ಗೌರವದಿಂದ ತಲೆ ಬಾಗುತ್ತದೆ. ಆದರೆ ಇವತ್ತು ಹಕ್ಕಿಚಿತ್ರ ಕಲಿಯಬೇಕೆನ್ನುವವರಿಗೆ ಅದೇ ಇಕ್ಕಟ್ಟಿಗೆ ಇಳಿಯಿರಿ ಎಂದು ಹೇಳಲಾರೆ.

ಹಾಗಾದರೆ ವೃತ್ತಿಯಲ್ಲಿ ಫಿಲ್ಮಿಗೆ ಜಾಗವೇ ಇಲ್ಲವೇ? ಇದೆ. ಕೆಲವರು ಮದುವೆಯನ್ನೆಲ್ಲ ಡಿಜಿಟಲ್‌ನಲ್ಲಿ ತೆಗೆದು, ಗಂಡುಹೆಣ್ಣಿನ ನಾಲ್ಕಾರು ಚಿತ್ರಗಳನ್ನು ಮಾತ್ರ 120 ಫಿಲ್ಮಿನಲ್ಲಿ ತೆಗೆದುಕೊಡುತ್ತಾರೆ. 120 ರೀಲಿನ ಚೌಕ ನೆಗೆಟಿವಿನ ಅಳತೆ 56 ಮಿ.ಮೀ. ಉದ್ದ, ಅಷ್ಟೇ ಅಗಲ. ಮಾಮೂಲಿ ರೀಲಿನ 36×24 ಮಿ.ಮೀ. ಚೌಕಟ್ಟಿಗಿಂತ ಮೂರೂವರೆ ಪಟ್ಟು ದೊಡ್ಡದು. ಮೈಬಣ್ಣ ಹಗುರವಾಗಿ ಒಂದರಿಂದ ಒಂದಕ್ಕೆ ಇಳಿಯುವ ಬಗೆಯನ್ನು ಅದರಲ್ಲಿ ನೋಡಬೇಕು. ರೀಲಿಗೆ 12 ಚಿತ್ರ ಮಾತ್ರ. ಹಾಗಾಗಿ ಇದು ಸಾವಧಾನದ ಕೆಲಸಕ್ಕೆ ಸರಿ, ಧಾರೆಗೆ ಅಲ್ಲ.

ಹವ್ಯಾಸಿಗೆ ಲೆಕ್ಕ

ಹವ್ಯಾಸಿಗೆ ಮೊದಲ ಮಾತು ದುಡ್ಡಿನದೇ. ಒಂದು ಕಾಲಕ್ಕೆ ನಮ್ಮ ಪಕ್ಕದ ಊಟಿಯಲ್ಲೇ ಸರ್ಕಾರಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮ್ ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ. ಈಗ ನಮಗೆ ಸಿಗುವ ಕೊಡಾಕ್, ಇಲ್‌ಫೋರ್ಡ್ ರೀಲುಗಳೆಲ್ಲ ಹೊರದೇಶದಿಂದ ಬರಬೇಕು, ಬೆಲೆಯೂ ಹಾಗೆಯೇ ಇರುತ್ತದೆ.

ನಿಮ್ಮೂರಿನ ದರ ವಿಚಾರಿಸಿ ಲೆಕ್ಕ ಹಾಕಿ. ರೀಲಿಗೆ ಒಂದು ಸಾವಿರ, ತೊಳೆದು ಸ್ಕ್ಯಾನ್ ಮಾಡಿಕೊಡಲು ಐನೂರು ಎಂದಿಟ್ಟುಕೊಂಡರೆ 36 ಚಿತ್ರಕ್ಕೆ 1,500. ಒಂದು ಸಲ ಗುಂಡಿ ಒತ್ತಿದರೆ ಸುಮಾರು 42 ರೂಪಾಯಿ. ತಿಂಗಳಿಗೆ ಎರಡು ರೀಲಿನಂತೆ ವರ್ಷಕ್ಕೆ 36 ಸಾವಿರ. ಅಷ್ಟಕ್ಕೆ ಒಂದು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮೆರಾವನ್ನೇ ಹುಡುಕಬಹುದು. ಅದರಲ್ಲಿ ಸಾವಿರ ಚಿತ್ರ ತೆಗೆದು ಅಳಿಸಿದರೂ ಖರ್ಚಿಲ್ಲ.

"ಫಿಲ್ಮಿನಲ್ಲಿ ಶುರು ಮಾಡಿದರೇ ಶಿಸ್ತು ಬರುವುದು" ಎಂದು ಹಿರಿಯರು ಹೇಳುವುದುಂಟು. ನಾನೂ ಹಾಗೆ ನಂಬಿದ್ದೆ. ಹುಡುಗರಿಗೆ ಕಲಿಸುತ್ತಾ ಅಭಿಪ್ರಾಯ ಬದಲಾಯಿತು. ಅಪರ್ಚರ್ ತೆರೆದರೆ ಹಿನ್ನೆಲೆ ಹೇಗೆ ಮಂಜಾಗುತ್ತದೆ, ಶಟರ್ ನಿಧಾನವಾದರೆ ಹರಿಯುವ ನೀರು ಹೇಗೆ ಹಾಲಾಗುತ್ತದೆ ಎಂಬುದನ್ನು ಡಿಜಿಟಲ್ ಪರದೆಯ ಮೇಲೆ ಎರಡು ನಿಮಿಷದಲ್ಲಿ ತೋರಿಸಬಹುದು. ಪ್ರತಿ ಚಿತ್ರದ ಜೊತೆಗೆ ಅಪರ್ಚರ್, ಶಟರ್, ಐಎಸ್‌ಒ ತಾನಾಗಿ ದಾಖಲಾಗುತ್ತದೆ. ಫಿಲ್ಮಿನಲ್ಲಿ ತಪ್ಪು ಗೊತ್ತಾಗುವುದು ಹದಿನೈದು ದಿನದ ಮೇಲೆ. ಆಗ ಏನು ಮಾಡಿದ್ದೆ ಎಂಬುದೇ ನೆನಪಿರುವುದಿಲ್ಲ. ಆದ್ದರಿಂದ ಮೊದಲ ಆರು ತಿಂಗಳು ಡಿಜಿಟಲ್‌ನಲ್ಲಿ ಕಲಿಯಿರಿ. ಫೋನಿನಲ್ಲಾದರೂ ಅಡ್ಡಿಯಿಲ್ಲ, ಚೌಕಟ್ಟು ಕಟ್ಟುವುದನ್ನು ಫೋನು ಚೆನ್ನಾಗಿಯೇ ಕಲಿಸುತ್ತದೆ. ಬೆಳಕಿನ ಲೆಕ್ಕ ಮಾತ್ರ ಫೋನಿನಿಂದ ಬಾರದು, ಅದನ್ನೆಲ್ಲ ಅದು ತಾನೇ ಮಾಡಿ ಮುಗಿಸಿರುತ್ತದೆ.

ಆಮೇಲೆ ಫಿಲ್ಮಿಗೆ ಬನ್ನಿ. ಆಗ ಅದು ಕೊಡುವುದೇನು? ಮೊದಲನೆಯದು, ನಿಲ್ಲುವ ಅಭ್ಯಾಸ. 42 ರೂಪಾಯಿ ಎಂಬ ಅರಿವು ಬೆರಳನ್ನು ತಡೆಯುತ್ತದೆ, ಕಣ್ಣು ಮತ್ತೊಮ್ಮೆ ಚೌಕಟ್ಟಿನ ನಾಲ್ಕು ಮೂಲೆ ನೋಡುತ್ತದೆ. ಹಿಂಬದಿಯಲ್ಲಿ ಪರದೆ ಇಲ್ಲದ್ದರಿಂದ ತೆಗೆದ ಮೇಲೂ ನೋಟ ಎದುರಿನ ಮನುಷ್ಯನ ಮೇಲೇ ಇರುತ್ತದೆ. ಹಳ್ಳಿಯ ಜಗಲಿಯ ಮೇಲೆ ಕೂತ ಅಜ್ಜಿಯ ಚಿತ್ರ ತೆಗೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದು ಚಿತ್ರವಾದ ಮೇಲೆ ನೀವು ತಲೆ ತಗ್ಗಿಸಿ ಪರದೆ ನೋಡುವುದಿಲ್ಲ, ಅಜ್ಜಿಯ ಮಾತು ಮುಂದುವರಿಯುತ್ತದೆ, ಒಳ್ಳೆಯ ಚಿತ್ರ ಆ ಮಾತಿನ ನಡುವೆ ಸಿಗುತ್ತದೆ. ಎರಡನೆಯದು, ಕಪ್ಪುಬಿಳುಪಿನಲ್ಲಿ ಬೆಳಕನ್ನು ಬೆಳಕಾಗಿಯೇ ನೋಡುವ ಕಣ್ಣು. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಸಿನಿಮಾಕ್ಕಾಗಿ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೊದೊಳಗೆ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಆ ದೃಶ್ಯ ನೋಡದ ಛಾಯಾಗ್ರಾಹಕರು ಒಮ್ಮೆ ನೋಡಲೇಬೇಕು.

ಫಿಲ್ಮಿನಲ್ಲಿ ಶುರು ಮಾಡಲು ಇಷ್ಟು ಸಾಕು: ಒಂದು ಕ್ಯಾಮೆರಾ, ಒಂದು 50 ಮಿ.ಮೀ. ಲೆನ್ಸ್, 400 ವೇಗದ ಒಂದೇ ಜಾತಿಯ ಕಪ್ಪುಬಿಳುಪು ರೀಲು. ಮೂರು ರೀಲು ಮುಗಿಯುವವರೆಗೆ ಏನೂ ಬದಲಿಸಬೇಡಿ. ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟು ಪ್ರತಿ ಚಿತ್ರದ ಅಪರ್ಚರ್, ಶಟರ್ ಬರೆಯಿರಿ. ಮೀಟರ್ ಕೆಟ್ಟಿದ್ದರೂ ಕೆಲಸ ನಿಲ್ಲುವುದಿಲ್ಲ. ನೇರ ಬಿಸಿಲಿನಲ್ಲಿ ಅಪರ್ಚರ್ ಎಫ್ 16, ಶಟರ್ ವೇಗ ಫಿಲ್ಮಿನ ವೇಗಕ್ಕೆ ಹತ್ತಿರದ್ದು. 400ರ ರೀಲಿಗೆ ಸೆಕೆಂಡಿನ 500ನೇ ಒಂದು ಭಾಗ. ಮೋಡ ಕವಿದರೆ ಎಫ್ 8. ಮರದ ತಂಪು ನೆರಳಿಗೆ ಎಫ್ 4. ಇದಿಷ್ಟನ್ನು ಬಾಯಿಪಾಠ ಮಾಡಿದರೆ ಹಗಲಿನ ಬಹುಪಾಲು ಕೆಲಸಕ್ಕೆ ಸಾಕು. ಅನುಮಾನ ಬಂದರೆ ಒಂದು ಸ್ಟಾಪು ಹೆಚ್ಚೇ ಕೊಡಿ.

ಹಳೆಯದನ್ನು ಕೊಳ್ಳುವಾಗ

ಫಿಲ್ಮ್ ಕ್ಯಾಮೆರಾ ಎಂದರೆ ಬಹುಮಟ್ಟಿಗೆ ಹಳೆಯದೇ. ಪೆಂಟಾಕ್ಸ್ 2024ರಲ್ಲಿ ಹೊಸ ಫಿಲ್ಮ್ ಕ್ಯಾಮೆರಾ ತಂದದ್ದು ನಿಜ, ಆದರೆ ನಮ್ಮಲ್ಲಿ ಹೆಚ್ಚಿನವರ ಕೈಗೆ ಬರುವುದು ಅಪ್ಪನದೋ ಅಂಗಡಿಯದೋ ಹಳೆಯ ಕ್ಯಾಮೆರಾ. ಹೊಸಬರಿಗೆ ನನ್ನ ಸಲಹೆ, ಬ್ಯಾಟರಿ ಇಲ್ಲದಿದ್ದರೂ ಶಟರ್ ಓಡುವಂಥದ್ದು. ಕೆ1000, ನಿಕಾನ್ ಎಫ್‌ಎಂ2 ಆ ಜಾತಿಯವು. ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ.

ಕೈಗೆ ತೆಗೆದುಕೊಂಡ ಕೂಡಲೇ ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಲೆನ್ಸಿನಲ್ಲಿ ಇದು ಬಲು ಸಾಮಾನ್ಯ. ಅಂಚಿನಲ್ಲಿ ಒಂದಿಷ್ಟು ಇದ್ದರೆ ಚಿತ್ರಕ್ಕೆ ತೊಂದರೆಯಾಗದು, ನಡುಮಧ್ಯೆ ಹರಡಿದ್ದರೆ ಬೇಡ. ಬಾಗಿಲು ತೆರೆದು ಶಟರನ್ನು ಒಂದು ಸೆಕೆಂಡಿನಿಂದ ಸಾವಿರದವರೆಗೆ ಎಲ್ಲ ವೇಗದಲ್ಲೂ ಬಿಟ್ಟು ನೋಡಿ. ಒಂದು ಸೆಕೆಂಡ್ ಎಂದದ್ದು ಎರಡು ಸೆಕೆಂಡ್ ಎಳೆದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಬ್ಯಾಟರಿ ಮುಚ್ಚಳ ಬಿಚ್ಚಿ ಹಸಿರು ಕಿಲುಬು ಇದೆಯೇ ಎಂದು ಪರೀಕ್ಷಿಸಿ. ಫೋಮಿನ ಪಟ್ಟಿ ಕರಗಿದ್ದರೆ ಹೆದರಬೇಕಿಲ್ಲ. ನಮ್ಮ ಹುಡುಗಿ ಹಲ್ಲುಕಡ್ಡಿಗೆ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಒಂದು ಮಧ್ಯಾಹ್ನ ಕೂತು ಹಳೆಯದನ್ನೆಲ್ಲ ಕೆರೆದು ತೆಗೆದಳು. ಪಟ್ಟಿ ಇದ್ದ ಸಣ್ಣ ಕಾಲುವೆಯಲ್ಲಿ ಅವಳ ಅಜ್ಜಿಯ ಹೆಣಿಗೆ ಬುಟ್ಟಿಯಿಂದ ತಂದ ಕರಿ ಉಣ್ಣೆಯ ದಾರ ಕೂರಿಸಿದೆವು. ಬೆಳಕು ಒಳಬರಲಿಲ್ಲ.

ಹಳೆಯ ಡಿಜಿಟಲ್ ಕೊಳ್ಳುವವರು ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಬೇಕು. ಎಫ್ 16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಕಲೆಗಳು ಕಾಣುತ್ತವೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಬಳಸಲೇಬೇಡಿ. ಮೆಗಾಪಿಕ್ಸೆಲ್ ಗೊಂದಲಕ್ಕೆ ಬೀಳಬೇಡಿ. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟು ಇಂಚಿಗೆ 300 ಬಿಂದುವಿನಂತೆ ಚೆನ್ನಾಗಿ ಬರಲು ಎರಡು ಮೆಗಾಪಿಕ್ಸೆಲ್ ಸಾಕು. 12×18 ಇಂಚಿನ ಗೋಡೆಚಿತ್ರಕ್ಕೂ ಇಪ್ಪತ್ತು ಮೀರದು. ಉಳಿದ ಹಣವನ್ನು ಲೆನ್ಸಿಗೆ ಹಾಕಿ.

ಮನೆಯಲ್ಲೇ ತೊಳೆಯುವುದು

ಬಣ್ಣದ ರೀಲನ್ನು ಲ್ಯಾಬಿಗೇ ಕೊಡಿ. ಅದರ ಡೆವಲಪರ್ 38 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕು, ಮನೆಯಲ್ಲಿ ಅದನ್ನು ಕಾಯುವುದು ತ್ರಾಸ. ಕಪ್ಪುಬಿಳುಪು ರೀಲನ್ನು ಮಾತ್ರ ಬಚ್ಚಲಮನೆಯಲ್ಲೇ ತೊಳೆಯಬಹುದು. ಬೆಳಕು ತೂರದ ಒಂದು ಚೀಲ, ಮುಚ್ಚಳದ ಟ್ಯಾಂಕು, ಥರ್ಮಾಮೀಟರ್, ಡೆವಲಪರ್, ಹೈಪೊ ಇದ್ದರಾಯಿತು, ಪೂರ್ತಿ ಕತ್ತಲ ಕೋಣೆ ಬೇಕಿಲ್ಲ.

ಇದರ ಡೆವಲಪರಿಗೆ ಪುಸ್ತಕಗಳಲ್ಲಿ ಬರೆದಿರುವುದು 20 ಡಿಗ್ರಿ. ಬೇಸಿಗೆಯಲ್ಲಿ ರಾಯಚೂರಿನ ನಲ್ಲಿ ನೀರು ಎಷ್ಟಿರುತ್ತದೆ ಎಂದು ನಾನು ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಡೆವಲಪರ್ ಜೋರಾಗಿ ಕೆಲಸ ಮಾಡುತ್ತದೆ, ನೆಗೆಟಿವ್ ಕಪ್ಪಿಡುತ್ತದೆ. ದೊಡ್ಡ ಬೇಸಿನ್ನಿಗೆ ನೀರು ಹಾಕಿ, ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೇಲಿಬಿಟ್ಟು, ಅದರಲ್ಲಿ ಡೆವಲಪರ್ ಬಾಟಲಿ ನಿಲ್ಲಿಸಿ. ಐಸು ನೇರವಾಗಿ ದ್ರಾವಣಕ್ಕೆ ಬೀಳಬಾರದು. ತೊಳೆಯುವ ನೀರೂ ಅದೇ ಬಿಸಿಯ ಹತ್ತಿರ ಇರಲಿ.

ಇನ್ನೊಂದು ಕಾಟ ಬೋರ್‌ವೆಲ್ ನೀರಿನದು. ಗಡಸು ನೀರಿನಲ್ಲಿ ತೊಳೆದು ಒಣಹಾಕಿದ ನೆಗೆಟಿವಿನ ಮೇಲೆ ಸುಣ್ಣದ ಚುಕ್ಕೆಗಳು ಕೂರುತ್ತವೆ. ಕೊನೆಯ ಒಂದು ಸುತ್ತನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮಾಡಿ ಒಣಹಾಕಿ, ಚುಕ್ಕೆ ಬರುವುದಿಲ್ಲ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೋಟಕ್ಕೋ ಬಾವಿಯ ಬದಿಗೋ ಚೆಲ್ಲಬೇಡಿ, ಡಬ್ಬಿಯಲ್ಲಿ ಕೂಡಿಟ್ಟು ಲ್ಯಾಬಿನವರಿಗೆ ತಲುಪಿಸಿ.

ಬಳಸದ ರೀಲನ್ನು ಫ್ರಿಜ್ಜಿನಲ್ಲಿಡಿ. ತೆಗೆದ ಕೂಡಲೇ ಡಬ್ಬಿ ತೆರೆದರೆ ಒಳಗೆ ತೇವ ಕೂರುತ್ತದೆ, ಕೆಲವು ಗಂಟೆ ಬಿಟ್ಟು ತೆರೆಯಿರಿ. ವಿಮಾನದಲ್ಲಿ ಹೋಗುವಾಗ ರೀಲನ್ನು ಲಗೇಜಿಗೆ ಹಾಕಬೇಡಿ. ಅಲ್ಲಿನ ಎಕ್ಸ್‌ರೇ ಅದನ್ನು ಮಸುಕು ಮಾಡುತ್ತದೆ. ಕೈಚೀಲದಲ್ಲಿಟ್ಟು, ಕೈಯಿಂದಲೇ ತಪಾಸಣೆ ಮಾಡಿ ಎಂದು ವಿನಂತಿಸಿ.

ಉಳಿಯುವುದು ಯಾವುದು

ನನಗೆ ಹೆಚ್ಚು ಕಾಳಜಿ ಇರುವುದು ಈ ವಿಷಯದಲ್ಲಿ. ಚೆನ್ನಾಗಿ ತೊಳೆದ ಕಪ್ಪುಬಿಳುಪು ನೆಗೆಟಿವ್ ಒಣ ಜಾಗದಲ್ಲಿದ್ದರೆ ಮೂರು ತಲೆಮಾರು ಬಾಳುತ್ತದೆ. ಅದನ್ನು ನೋಡಲು ಯಾವ ಯಂತ್ರವೂ ಬೇಡ, ಕಿಟಕಿಗೆ ಹಿಡಿದರೆ ಸಾಕು. ಡಿಜಿಟಲ್ ಫೈಲಿನಲ್ಲಿ ಬಣ್ಣ ಮಾಸುವುದಿಲ್ಲ, ಎಷ್ಟು ಪ್ರತಿ ಮಾಡಿದರೂ ಮೊದಲಿನ ಹಾಗೇ ಇರುತ್ತದೆ. ಆದರೆ ಪ್ರತಿ ಮಾಡುವವರು ಬೇಕು. ಹಾರ್ಡ್‌ಡಿಸ್ಕ್ ಒಂದು ಬೆಳಗ್ಗೆ ಏಳದಿದ್ದರೆ ಹತ್ತು ವರ್ಷದ ಹುಟ್ಟುಹಬ್ಬಗಳು ಒಟ್ಟಿಗೆ ಹೋಗುತ್ತವೆ. ಫೋನು ಬದಲಾದಾಗ, ಪಾಸ್‌ವರ್ಡ್ ಮರೆತಾಗ, ಮನೆಯ ಯಜಮಾನ ತೀರಿಕೊಂಡಾಗ ಚಿತ್ರಗಳು ಎಲ್ಲಿವೆ ಎಂದು ಯಾರಿಗೂ ತಿಳಿಯುವುದಿಲ್ಲ.

ಮುಖ್ಯ ಚಿತ್ರಗಳ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ಎರಡು ಕಡೆ ಪ್ರತಿ ಆಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ವರ್ಷಕ್ಕೊಮ್ಮೆ ಕೂತು ಇಪ್ಪತ್ತು ಚಿತ್ರ ಆರಿಸಿ, ಪ್ರಿಂಟು ಹಾಕಿಸಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ.

ಮನೆಯಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ಅವನ್ನು ಈ ಮಳೆಗಾಲಕ್ಕೆ ಮುಂಚೆ ಹೊರತೆಗೆಯಿರಿ. ಡಬ್ಬಿ ತೆರೆದಾಗ ವಿನಿಗರ್ ವಾಸನೆ ಹೊಡೆದರೆ ಫಿಲ್ಮಿನ ಪಟ್ಟಿಯೇ ಕೆಡಲು ಶುರುವಾಗಿದೆ, ಅಂಥವನ್ನು ಬೇರೆಯಾಗಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಹತ್ತಿ ಕೈಗವಸು ಹಾಕಿ ಅಂಚಿನಲ್ಲಿ ಹಿಡಿಯಿರಿ. ಟ್ಯಾಬ್ಲೆಟ್ ಪರದೆಯನ್ನು ಬೆಳ್ಳಗೆ ಬೆಳಗಿಸಿ, ಅದರ ಮೇಲೆ ಒಂದೆರಡು ಇಂಚು ಎತ್ತರದಲ್ಲಿ ನೆಗೆಟಿವ್ ನಿಲ್ಲಿಸಿ, ಮ್ಯಾಕ್ರೊ ಲೆನ್ಸಿನಲ್ಲಿ ತೆಗೆದರೆ ಮನೆಯಲ್ಲೇ ಒಳ್ಳೆಯ ಪ್ರತಿ ಸಿಗುತ್ತದೆ. ಆಮೇಲೆ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಹಳೆಯ ರೀಲಿನ ಅತ್ಯುತ್ತಮ ಜೊತೆಗಾರ ಡಿಜಿಟಲ್ ಕ್ಯಾಮೆರಾವೇ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಅಣ್ಣನ ಮಗಳ ಮೊದಲ ರೀಲು ಜೂನಿನಲ್ಲಿ ತೊಳೆದು ಬಂತು. 36ರಲ್ಲಿ ಹನ್ನೊಂದು ಚೆನ್ನಾಗಿವೆ. ಅದರಲ್ಲೊಂದು, ಅಣ್ಣ ಪಡಸಾಲೆಯ ಕಿಟಕಿಯ ಪಕ್ಕ ಕನ್ನಡಕ ಒರೆಸುತ್ತಿರುವುದು. ಅಣ್ಣ ಅದನ್ನು ಪ್ರಿಂಟು ಹಾಕಿಸಿ ಎಂದು ಕೇಳಿ ತೆಗೆದುಕೊಂಡ. ಹುಡುಗಿ ಮಾತ್ರ ಸ್ಕ್ಯಾನು ಫೋನಿಗೆ ಬಂದ ಖುಷಿಯಲ್ಲಿ ನೆಗೆಟಿವನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದಳು, ಮರುದಿನ ಮತ್ತೆ ಹೋಗಿ ತಂದೆವು. ಈಗ ಅನೇಕ ಹುಡುಗರು ಹೀಗೇ ಮಾಡುತ್ತಿದ್ದಾರಂತೆ. ದಯವಿಟ್ಟು ಹಾಗೆ ಮಾಡಬೇಡಿ. ರೀಲು ತೊಳೆಯಲು ಕೊಟ್ಟ ದಿನವೇ ಚೀಟಿಯ ಮೇಲೆ 'ನೆಗೆಟಿವ್ ವಾಪಸ್ ಬೇಕು' ಎಂದು ಬರೆಸಿ, ಕೈಗೆ ಬಂದ ಮೇಲೇ ದುಡ್ಡು ಕೊಡಿ.